ಎರಡೇ ತಿಂಗಳು ಬದುಕಿದ ದೇಶ: ಮಾಲಿ ಒಕ್ಕೂಟ ಒಡೆದದ್ದೇಕೆ, ಇಂದಿನ ಸಾಹೆಲ್‌ಗೆ ಅದು ಏಕೆ ಬೇಕು

2025ರ ಅಕ್ಟೋಬರ್ ಕೊನೆಯಲ್ಲಿ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಸರ್ಕಾರ ದೇಶದ ಶಾಲೆ, ಕಾಲೇಜುಗಳನ್ನೆಲ್ಲ ಎರಡು ವಾರ ಮುಚ್ಚಿತು. ರೋಗ ಹರಡಿರಲಿಲ್ಲ. ಪ್ರವಾಹವೂ ಬಂದಿರಲಿಲ್ಲ. ಪೆಟ್ರೋಲ್ ಇರಲಿಲ್ಲ. ಮೇಷ್ಟ್ರು ಶಾಲೆಗೆ ಬರುವುದಕ್ಕೇ ದಾರಿ ಇರಲಿಲ್ಲ. ರಾಜಧಾನಿ ಬಮಾಕೊದಲ್ಲಿ ಜನ ಬೈಕ್ ನಿಲ್ಲಿಸಿಕೊಂಡು ಬಂಕಿನ ಮುಂದೆ ಗಂಟೆಗಟ್ಟಲೆ ಕಾಯುತ್ತಿದ್ದರು.

ಅಲ್ ಖೈದಾ ಜೊತೆ ನಂಟಿರುವ ಜೆಎನ್‌ಐಎಂ ಎಂಬ ಸಶಸ್ತ್ರ ಗುಂಪು ಸೆಪ್ಟೆಂಬರ್‌ನಿಂದಲೇ ಇಂಧನದ ಟ್ಯಾಂಕರ್‌ಗಳನ್ನು ತಡೆದು ಸುಡಲು ಶುರು ಮಾಡಿತ್ತು. ಮಾಲಿಗೆ ಸಮುದ್ರವಿಲ್ಲ. ಅದರ ಪೆಟ್ರೋಲ್ ಮುಖ್ಯವಾಗಿ ಎರಡು ಬಂದರುಗಳಿಂದ ಬರುತ್ತದೆ. ಒಂದು ಐವರಿ ಕೋಸ್ಟ್‌ನ ಅಬಿಜಾನ್. ಇನ್ನೊಂದು ಸೆನೆಗಲ್‌ನ ಡಾಕರ್. ಡಾಕರ್‌ನಿಂದ ಹೊರಟ ಲಾರಿ ಕಿದಿರಾ ಎಂಬ ಗಡಿ ಊರು ದಾಟಿ, ಕಾಯೆಸ್ ಮೂಲಕ ಬಮಾಕೊ ಸೇರಬೇಕು. ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದೂರ.

ಈ ಇಡೀ ದಾರಿ ಒಂದು ಕಾಲದಲ್ಲಿ ಒಂದೇ ದೇಶದ ಒಳಗಿತ್ತು. ಆ ದೇಶದ ಹೆಸರು ಮಾಲಿ ಒಕ್ಕೂಟ. ಅದು ಸ್ವತಂತ್ರವಾಗಿದ್ದು 1960ರ ಜೂನ್ 20ರಂದು. ಒಡೆದದ್ದು ಅದೇ ವರ್ಷದ ಆಗಸ್ಟ್ 20ರಂದು. ಲೆಕ್ಕ ಹಾಕಿದರೆ 61 ದಿನ.

ಇದು ಹಳೆಯ ಕತೆ ಅಲ್ವಾ, ಈಗೇಕೆ ಎಂದು ಕೇಳಬಹುದು. ಈಗ ಮಾಲಿ, ಬುರ್ಕಿನಾ ಫಾಸೊ, ನೈಜರ್ ಎಂಬ ಮೂರು ದೇಶಗಳು ಸೇರಿ ಹೊಸ ಒಕ್ಕೂಟ ಕಟ್ಟುತ್ತಿವೆ. ಸಾಹೆಲ್ ದೇಶಗಳ ಮೈತ್ರಿ ಎಂದು ಅದಕ್ಕೆ ಹೆಸರು. ಸಾಹೆಲ್ ಎಂದರೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣನಾಡು. ಒಂದೇ ಪಾಸ್‌ಪೋರ್ಟ್ ಬಂದಿದೆ, ಒಂದೇ ಸೇನಾ ಪಡೆ, ಒಂದೇ ಬ್ಯಾಂಕ್ ಎಂಬ ಮಾತು ನಡೆದಿದೆ. ಆಫ್ರಿಕಾದ ಯುವಕರಲ್ಲಿ ಅದರ ಬಗ್ಗೆ ದೊಡ್ಡ ಆಸೆ ಹುಟ್ಟಿದೆ. 1960ರಲ್ಲೂ ಇಂಥದ್ದೇ ಆಸೆ ಇತ್ತು. ಅದು ಒಂದೇ ರಾತ್ರಿಯಲ್ಲಿ ಹೇಗೆ ಮುರಿಯಿತು ಎಂದು ತಿಳಿಯದೆ ಇಂದಿನದನ್ನು ಅಳೆಯಲು ಹೋದರೆ ನಾವು ತಪ್ಪು ಜಾಗದಲ್ಲಿ ನೋಡುತ್ತೇವೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರಾನ್ಸ್ ಪಶ್ಚಿಮ ಆಫ್ರಿಕಾದಲ್ಲಿ ಎಂಟು ವಸಾಹತುಗಳನ್ನು ಒಟ್ಟಿಗೆ ಕಟ್ಟಿ ಆಳುತ್ತಿತ್ತು. ಸೆನೆಗಲ್, ಫ್ರೆಂಚ್ ಸುಡಾನ್, ಮಾರಿಟೇನಿಯಾ, ಗಿನಿ, ಐವರಿ ಕೋಸ್ಟ್, ಅಪ್ಪರ್ ವೋಲ್ಟಾ, ದಹೋಮಿ, ನೈಜರ್. ಇವೆಲ್ಲದರ ರಾಜಧಾನಿ ಡಾಕರ್. ಇಲ್ಲಿ ಬರುವ ಫ್ರೆಂಚ್ ಸುಡಾನ್ ಎಂದರೆ ಇಂದಿನ ಮಾಲಿ. ಖಾರ್ಟೂಮ್ ಇರುವ ಸುಡಾನ್‌ಗೂ ಇದಕ್ಕೂ ಸಂಬಂಧವಿಲ್ಲ. ಅಪ್ಪರ್ ವೋಲ್ಟಾ ಎಂದರೆ ಇಂದಿನ ಬುರ್ಕಿನಾ ಫಾಸೊ. ದಹೋಮಿ ಎಂದರೆ ಬೆನಿನ್.

1956ರಲ್ಲಿ ಫ್ರಾನ್ಸ್ ಒಂದು ಕಾನೂನು ತಂದಿತು. ಪ್ರತಿ ವಸಾಹತಿಗೂ ಅದರದ್ದೇ ಶಾಸನಸಭೆ, ಅದರದ್ದೇ ಮಂತ್ರಿಮಂಡಲ ಎಂದಿತು. ಕೇಳಲು ಚೆನ್ನಾಗಿತ್ತು. ಆದರೆ ಅಧಿಕಾರ ಹೋದದ್ದು ಎಂಟು ಸಣ್ಣ ರಾಜಧಾನಿಗಳಿಗೆ. ಎಂಟನ್ನೂ ಒಟ್ಟಿಗೆ ಹಿಡಿದಿಟ್ಟಿದ್ದ ಡಾಕರ್‌ನ ಕೈಗೆ ಏನೂ ಬರಲಿಲ್ಲ. ಸೆನೆಗಲ್‌ನ ನಾಯಕ ಲಿಯೊಪೋಲ್ಡ್ ಸೆಂಘೋರ್ ಇದನ್ನು ಕಟುವಾಗಿ ವಿರೋಧಿಸಿದರು. ಇದು ಆಫ್ರಿಕಾವನ್ನು ಯುರೋಪಿನ ಬಾಲ್ಕನ್ ನಾಡಿನಂತೆ ಚೂರು ಮಾಡುವ ಕೆಲಸ ಎಂದರು. ಸಣ್ಣ ಬಡ ದೇಶಗಳು ಯಾವಾಗಲೂ ಪ್ಯಾರಿಸ್‌ನ ಮುಂದೆ ಕೈ ಚಾಚಿಕೊಂಡೇ ಇರಬೇಕಾಗುತ್ತದೆ ಎಂಬುದು ಅವರ ಆತಂಕ.

ಐವರಿ ಕೋಸ್ಟ್‌ನ ನಾಯಕ ಫೆಲಿಕ್ಸ್ ಉಫುವೆ ಬ್ವಾನಿ ಅವರ ಯೋಚನೆ ಪೂರಾ ಬೇರೆ. ಅವರ ನಾಡಿನಲ್ಲಿ ಕೋಕೋ, ಕಾಫಿ ಬೆಳೆಯುತ್ತಿತ್ತು. ಹಣವಿತ್ತು. ಒಕ್ಕೂಟವಾದರೆ ಆ ಹಣ ಡಾಕರ್‌ಗೆ ಹೋಗಿ ಅಲ್ಲಿಂದ ಬೇರೆಯವರಿಗೆ ಹಂಚಿಹೋಗುತ್ತದೆ. ಉಳಿದವರೆಲ್ಲ ಕರೆದುಕೊಳ್ಳುವ ಹಸು ನಾವೇಕಾಗಬೇಕು ಎಂಬುದು ಅಲ್ಲಿನವರ ಪ್ರಶ್ನೆ. ಇದನ್ನು ಬರೀ ಸ್ವಾರ್ಥ ಎನ್ನಲು ನನಗೆ ಮನಸ್ಸಿಲ್ಲ. ತೆರಿಗೆ ಕೊಡುವ ನಾಡು ಈ ಪ್ರಶ್ನೆ ಕೇಳದ ಒಕ್ಕೂಟ ಲೋಕದಲ್ಲಿ ಎಲ್ಲೂ ಇಲ್ಲ.

1958ರ ಸೆಪ್ಟೆಂಬರ್ 28ರಂದು ಜನಮತ ನಡೆಯಿತು. ಫ್ರಾನ್ಸ್ ಅಧ್ಯಕ್ಷತೆಯ ಸಮುದಾಯದೊಳಗೆ ಸ್ವಯಮಾಡಳಿತ ಬೇಕೋ, ಈಗಲೇ ಪೂರ್ಣ ಸ್ವಾತಂತ್ರ್ಯ ಬೇಕೋ ಎಂದು ಫ್ರಾನ್ಸ್‌ನ ನಾಯಕ ದ ಗಾಲ್ ಕೇಳಿದರು. ಗಿನಿ ಮಾತ್ರ ಸ್ವಾತಂತ್ರ್ಯದ ಕಡೆಗೆ ನಿಂತಿತು. ಫ್ರೆಂಚರು ತಮ್ಮ ಅಧಿಕಾರಿಗಳು, ಕಡತ, ಸಾಮಾನುಗಳ ಸಮೇತ ಅಲ್ಲಿಂದ ಎದ್ದು ಹೋದರು. ನೆರವು ನಿಂತಿತು. ಉಳಿದ ನಾಯಕರೆಲ್ಲ ಇದನ್ನು ನೋಡಿದರು. ಒಬ್ಬೊಬ್ಬರೇ ಹೋದರೆ ಹೀಗಾಗುತ್ತದೆ, ಒಟ್ಟಿಗೆ ಹೋದರೆ ಮಾತಾಡುವ ಶಕ್ತಿ ಇರುತ್ತದೆ ಎಂಬ ತಿಳಿವು ಅಲ್ಲಿಂದ ಬಂತು.

1958ರ ಡಿಸೆಂಬರ್ ಕೊನೆಯಲ್ಲಿ ಬಮಾಕೊದಲ್ಲಿ ನಾಲ್ಕು ನಾಡಿನವರು ಸೇರಿದರು. ಸೆನೆಗಲ್, ಫ್ರೆಂಚ್ ಸುಡಾನ್, ಅಪ್ಪರ್ ವೋಲ್ಟಾ, ದಹೋಮಿ. 1959ರ ಜನವರಿಯಲ್ಲಿ ಡಾಕರ್‌ನಲ್ಲಿ ಕೂತು ಒಕ್ಕೂಟದ ಸಂವಿಧಾನ ಒಪ್ಪಿದರು. ಅಪ್ಪರ್ ವೋಲ್ಟಾ ಮತ್ತು ದಹೋಮಿ ಸ್ವಲ್ಪ ದಿನದಲ್ಲೇ ಹಿಂದೆ ಸರಿದವು. ಫ್ರಾನ್ಸ್ ಒತ್ತಡವೂ ಇತ್ತು, ಐವರಿ ಕೋಸ್ಟ್ ಸೆಳೆತವೂ ಇತ್ತು. ಅಪ್ಪರ್ ವೋಲ್ಟಾದ ರೈಲು ಹೋಗುತ್ತಿದ್ದದ್ದು ಅಬಿಜಾನ್ ಬಂದರಿಗೆ, ಡಾಕರ್‌ಗಲ್ಲ. 1959ರ ಮೇ ತಿಂಗಳಲ್ಲಿ ಆ ಎರಡೂ ನಾಡುಗಳು ನೈಜರ್ ಜೊತೆ ಸೇರಿ ಉಫುವೆ ಬ್ವಾನಿ ಕಟ್ಟಿದ ಬೇರೆ ಗುಂಪಿಗೆ ಹೋದವು.

ನಾಲ್ಕು ಹೋಗಿ ಎರಡು ಉಳಿದವು. ಮುಂದಿನ ಎಲ್ಲ ತೊಂದರೆಯ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ. ನಾಲ್ವರಿದ್ದರೆ ಮೂವರು ಒಂದು ಕಡೆ, ಒಬ್ಬರು ಒಂದು ಕಡೆ ಆಗಬಹುದು. ಇವತ್ತು ಸೋತವರು ನಾಳೆ ಬೇರೆ ವಿಷಯದಲ್ಲಿ ಗೆಲ್ಲಬಹುದು. ಇಬ್ಬರೇ ಇದ್ದಾಗ ಪ್ರತಿ ಭಿನ್ನಾಭಿಪ್ರಾಯವೂ ನೇರ ಮುಖಾಮುಖಿ.

ಆದರೂ ಅವರು ಮುಂದುವರಿದರು. ಅದರ ಧೈರ್ಯ ಮೆಚ್ಚಬೇಕು. ಹೆಸರಿಗೆ ಇತಿಹಾಸದಿಂದ ಮಾಲಿ ಸಾಮ್ರಾಜ್ಯವನ್ನು ತೆಗೆದುಕೊಂಡರು. ಸುಂಜಾಟ ಕೇಟಾ ಕಟ್ಟಿದ, 1324ರಲ್ಲಿ ಮೆಕ್ಕಾ ಯಾತ್ರೆಗೆ ಹೋದ ಮನ್ಸಾ ಮೂಸಾ ಆಳಿದ ಸಾಮ್ರಾಜ್ಯ. ಹಸಿರು, ಹಳದಿ, ಕೆಂಪು ಬಾವುಟ. ನಡುವೆ ಕೈ ಎತ್ತಿ ನಿಂತ ಕಪ್ಪು ಮನುಷ್ಯನ ಗುರುತು. ‘ಒಂದು ಜನ, ಒಂದು ಗುರಿ, ಒಂದು ನಂಬಿಕೆ’ ಎಂಬ ಧ್ಯೇಯವಾಕ್ಯ. ಇಂದಿಗೂ ಸೆನೆಗಲ್ ಮತ್ತು ಮಾಲಿ ಎರಡರ ಧ್ಯೇಯವಾಕ್ಯ ಇದೇ. ಎರಡರ ಬಾವುಟವೂ ಅದೇ ಮೂರು ಬಣ್ಣ. ಸೆನೆಗಲ್ ಬಾವುಟದ ನಡುವೆ ಹಸಿರು ನಕ್ಷತ್ರ ಇದೆ, ಅಷ್ಟೇ ವ್ಯತ್ಯಾಸ. ಬೇರೆಯಾದ ಅಣ್ಣತಮ್ಮಂದಿರು ಅಪ್ಪನ ಒಂದೇ ಫೋಟೋವನ್ನು ಎರಡೂ ಮನೆಯಲ್ಲಿ ಹಾಕಿಕೊಂಡ ಹಾಗೆ.

ಒಕ್ಕೂಟದ ಮೂವರು ಮುಖ್ಯರನ್ನು ಅರಿಯಬೇಕು. ಸೆಂಘೋರ್ ಕವಿ. ಫ್ರಾನ್ಸ್‌ನಲ್ಲಿ ಪಾಠ ಹೇಳಿದವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಸೆರೆಯಲ್ಲಿದ್ದವರು. ಬಹುಪಾಲು ಮುಸ್ಲಿಮರ ನಾಡಿನಲ್ಲಿ ಕ್ಯಾಥೊಲಿಕ್ ಆಗಿದ್ದುಕೊಂಡೇ ಜನನಾಯಕರಾದವರು. ಅವರು ಒಕ್ಕೂಟದ ಶಾಸನಸಭೆಯ ಅಧ್ಯಕ್ಷ. ಮೊದಿಬೊ ಕೇಟಾ ಬಮಾಕೊದವರು. ಶಾಲಾ ಮೇಷ್ಟ್ರಾಗಿದ್ದವರು. ಎತ್ತರದ ಆಳು, ಗಟ್ಟಿ ಸಂಘಟಕ. ಅವರ ಪಕ್ಷ ಸುಡಾನ್‌ನ ಮೂಲೆಮೂಲೆಯಲ್ಲೂ ಇತ್ತು. ಅವರು ಒಕ್ಕೂಟ ಸರ್ಕಾರದ ಮುಖ್ಯಸ್ಥ. ಮೂರನೆಯವರು ಮಮಾದು ದಿಯಾ. ಸೆಂಘೋರ್ ಅವರ ಬಲಗೈ, ಸೆನೆಗಲ್ ಸರ್ಕಾರದ ಮುಖ್ಯಸ್ಥ. ಒಕ್ಕೂಟದಲ್ಲಿ ಕೇಟಾ ಅವರ ಉಪಾಧ್ಯಕ್ಷ, ರಕ್ಷಣಾ ಖಾತೆಯೂ ಅವರದೇ.

ಶಾಸನಸಭೆಯಲ್ಲಿ ಸೆನೆಗಲ್‌ಗೆ 20 ಸ್ಥಾನ, ಸುಡಾನ್‌ಗೆ 20 ಸ್ಥಾನ. ಮಂತ್ರಿಗಳೂ ಸಮಸಮ. ಸುಡಾನ್‌ನಲ್ಲಿ ಜನ ಜಾಸ್ತಿ. ಸೆನೆಗಲ್‌ನಲ್ಲಿ ಹಣ ಜಾಸ್ತಿ. ಬಂದರು, ಕಾರ್ಖಾನೆ, ಕಡಲೆಕಾಯಿ ವ್ಯಾಪಾರ ಎಲ್ಲ ಸೆನೆಗಲ್‌ನದು. ಹಾಗಾಗಿ ಸಮಪಾಲು ಎಂಬುದು ನ್ಯಾಯವಾಗಿಯೇ ಕಂಡಿತು. ಆದರೆ 20ಕ್ಕೆ 20 ನಿಂತರೆ ಮುಂದೇನು? ತೀರ್ಪು ಹೇಳಲು 41ನೆಯವರು ಯಾರೂ ಇರಲಿಲ್ಲ.

ಇದಕ್ಕಿಂತ ಆಳದ ತೊಡಕು ಇನ್ನೊಂದಿತ್ತು. ಒಕ್ಕೂಟ ಎಂಬ ಒಂದೇ ಪದಕ್ಕೆ ಎರಡೂ ಕಡೆಯವರ ಮನಸ್ಸಿನಲ್ಲಿ ಎರಡು ಅರ್ಥ. ಕೇಟಾ ಅವರಿಗೆ ಅದು ಒಂದೇ ಮನೆ. ಒಂದೇ ಪಕ್ಷ, ಒಂದೇ ಬಲವಾದ ಸರ್ಕಾರ, ಕೊನೆಗೆ ಒಂದೇ ದೇಶ. ಸೆನೆಗಲ್‌ನವರಿಗೆ ಅದು ಒಂದೇ ಕಾಂಪೌಂಡಿನೊಳಗಿನ ಎರಡು ಮನೆ. ಬೇಲಿ, ಬಾವಿ, ದಾರಿ ಹಂಚಿಕೊಳ್ಳೋಣ, ಅಡುಗೆಮನೆ ಬೇರೆ ಇರಲಿ ಎಂಬ ಭಾವ. ಸೆಂಘೋರ್ ವರ್ಷಗಟ್ಟಲೆ ಒಕ್ಕೂಟಕ್ಕಾಗಿ ವಾದಿಸಿದರು ನಿಜ. ಆದರೆ ಅವರ ಒಕ್ಕೂಟದಲ್ಲಿ ಸೆನೆಗಲ್ ಸೆನೆಗಲ್ ಆಗಿಯೇ ಉಳಿಯಬೇಕಿತ್ತು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ಮತ್ತೊಬ್ಬರ ಮನಸ್ಸಿನಲ್ಲಿರುವುದನ್ನು ಬಿಡಿಸಿ ಕೇಳಲಿಲ್ಲ. ಎದುರಿಗೆ ಫ್ರಾನ್ಸ್ ಇರುವವರೆಗೆ ಕೇಳುವ ಅಗತ್ಯವೂ ಬೀಳಲಿಲ್ಲ.

ಆ ಎದುರಾಳಿಯ ಮುಂದೆ ಅವರು ನಿಜಕ್ಕೂ ದೊಡ್ಡ ಕೆಲಸ ಮಾಡಿದರು. ಇದನ್ನು ಒಕ್ಕೂಟದ ಸೋಲಿನ ಕತೆ ಹೇಳುವವರು ಸಾಮಾನ್ಯವಾಗಿ ಮರೆಯುತ್ತಾರೆ. 1960ರ ಏಪ್ರಿಲ್ 4ರಂದು ಅಧಿಕಾರ ಹಸ್ತಾಂತರದ ಒಪ್ಪಂದಕ್ಕೆ ಸಹಿ ಬಿತ್ತು. ಸೆನೆಗಲ್ ಇಂದಿಗೂ ತನ್ನ ರಾಷ್ಟ್ರೀಯ ದಿನವನ್ನು ಅದೇ ದಿನ ಆಚರಿಸುತ್ತದೆ. ಗಿನಿಯಂತೆ ಎಲ್ಲವನ್ನೂ ಕಳೆದುಕೊಳ್ಳದೆ, ನೆರವು ಉಳಿಸಿಕೊಂಡೇ ಸ್ವತಂತ್ರರಾಗಬಹುದು ಎಂದು ಇವರು ತೋರಿಸಿದರು. ಈ ಬಾಗಿಲು ತೆರೆದ ಮೇಲೆ ಉಫುವೆ ಬ್ವಾನಿ ಕೂಡ ಸುಮ್ಮನಿರಲಾಗಲಿಲ್ಲ. ಆ ಆಗಸ್ಟ್‌ನ ಮೊದಲ ವಾರದಲ್ಲೇ ದಹೋಮಿ, ನೈಜರ್, ಅಪ್ಪರ್ ವೋಲ್ಟಾ, ಐವರಿ ಕೋಸ್ಟ್ ಸಾಲಾಗಿ ಸ್ವತಂತ್ರವಾದವು.

ಜೂನ್ 20ರಂದು ಸ್ವಾತಂತ್ರ್ಯ ಬಂತು. ಅವತ್ತಿನಿಂದ ಎದುರಾಳಿ ಇಲ್ಲ. ಇನ್ನು ಮುಖ ತಿರುಗಿಸಿ ಒಬ್ಬರನ್ನೊಬ್ಬರು ನೋಡಬೇಕು.

ಎರಡು ವಿಷಯ ತಕ್ಷಣ ಎದ್ದವು. ಮೊದಲನೆಯದು ಸೇನೆ. ಸೇನಾ ಮುಖ್ಯಸ್ಥರಾಗಿ ಕರ್ನಲ್ ಸುಮಾರೆ ಅವರನ್ನು ಕೇಟಾ ನೇಮಿಸಿದರು. ರಕ್ಷಣಾ ಖಾತೆಯಲ್ಲಿದ್ದ ದಿಯಾ ಅವರಿಗೆ ಬೇರೆಯವರು ಬೇಕಿತ್ತು. ಕಾಗದದ ಮೇಲೆ ಇದು ಒಂದು ನೇಮಕಾತಿ. ಆದರೆ ಹೊಸ ದೇಶದಲ್ಲಿ ಬಂದೂಕು ಹಿಡಿದವನು ಯಾರ ಮಾತು ಕೇಳುತ್ತಾನೆ ಎಂಬುದು ಉಳಿದೆಲ್ಲವನ್ನೂ ತೀರ್ಮಾನಿಸುತ್ತದೆ.

ಎರಡನೆಯದು ಅಧ್ಯಕ್ಷ ಪದವಿ. ಆಗಸ್ಟ್ 27ಕ್ಕೆ ಚುನಾವಣೆ ನಿಗದಿಯಾಗಿತ್ತು. ಸೆನೆಗಲ್ ಕಡೆಯಿಂದ ಸೆಂಘೋರ್ ಅಭ್ಯರ್ಥಿ. ಕೇಟಾ ಸರ್ಕಾರದ ಮುಖ್ಯಸ್ಥರಾಗಿ ಉಳಿಯುತ್ತಾರೆ, ಅಧ್ಯಕ್ಷತೆ ನಮಗೆ ಎಂದು ಸೆನೆಗಲ್‌ನವರು ಎಣಿಸಿದ್ದರು. ಸುಡಾನ್‌ನವರು ಒಪ್ಪಲು ಹಿಂಜರಿದರು. ಸೆಂಘೋರ್ ಫ್ರಾನ್ಸ್‌ಗೆ ತೀರಾ ಹತ್ತಿರ ಎಂಬ ಮಾತು ಬಂತು. ಆಗ ಅಲ್ಜೀರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಅದೇ ಫೆಬ್ರವರಿಯಲ್ಲಿ ಫ್ರಾನ್ಸ್ ಸಹಾರಾದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಅಂಥ ಹೊತ್ತಿನಲ್ಲಿ ಈ ಮಾತು ಸಣ್ಣದಾಗಿರಲಿಲ್ಲ. ಅವರ ಧರ್ಮವೂ ಮಾತಿಗೆ ಬಂತು. ಕೇಟಾ ಕಡೆಯವರು ಸೆನೆಗಲ್‌ನ ಮುಸ್ಲಿಂ ಗುರುಗಳನ್ನು, ಸೆಂಘೋರ್ ಅವರ ಎದುರಾಳಿಗಳನ್ನು ಭೇಟಿ ಮಾಡುತ್ತಿದ್ದಾರೆ ಎಂಬ ಸುದ್ದಿ ಡಾಕರ್‌ನಲ್ಲಿ ಹರಡಿತು. ನಮ್ಮ ಮನೆಯೊಳಗೆ ಬಂದು ನಮ್ಮವರನ್ನೇ ನಮ್ಮ ಮೇಲೆ ಎತ್ತಿಕಟ್ಟುತ್ತಿದ್ದಾರೆ ಎಂದು ಸೆನೆಗಲ್ ನಾಯಕರಿಗೆ ಅನಿಸಿತು. ಕೇಟಾ ದೃಷ್ಟಿಯಲ್ಲಿ ಅದು ಬೇರೆಯವರ ಮನೆಯೇ ಅಲ್ಲ. ಇಡೀ ಒಕ್ಕೂಟದ ಮುಖ್ಯಸ್ಥ ತಾನು, ಯಾರನ್ನು ಬೇಕಾದರೂ ಭೇಟಿ ಮಾಡಬಹುದು. ಒಂದೇ ಮನೆಯೋ ಎರಡು ಮನೆಯೋ ಎಂಬ ಬಿಡಿಸದ ಪ್ರಶ್ನೆ ಹೀಗೆ ಬೀದಿಗೆ ಬಂತು.

ಆಗಸ್ಟ್ 19ರ ರಾತ್ರಿ ಕೇಟಾ ತುರ್ತು ಸಂಪುಟ ಸಭೆ ಕರೆದರು. ದಿಯಾ ಅವರಿಂದ ರಕ್ಷಣಾ ಖಾತೆ ಕಿತ್ತುಕೊಂಡರು. ತುರ್ತು ಪರಿಸ್ಥಿತಿ ಘೋಷಿಸಿದರು. ಡಾಕರ್‌ನ ಮುಖ್ಯ ಕಟ್ಟಡಗಳ ಸುತ್ತ ಸೈನ್ಯ ನಿಲ್ಲಿಸಲು ಸುಮಾರೆ ಅವರಿಗೆ ಹೇಳಿದರು. ಆದರೆ ಡಾಕರ್ ಸೆನೆಗಲ್‌ನ ನಗರ. ಅಲ್ಲಿನ ಜೆಂಡಾರ್ಮರಿ, ಅಂದರೆ ಸಶಸ್ತ್ರ ಪೊಲೀಸ್ ಪಡೆ, ಸೆನೆಗಲ್ ಸರ್ಕಾರದ ಮಾತು ಕೇಳಿತು. ಅದರ ಮೇಲಿನ ಅಧಿಕಾರಿಗಳಲ್ಲಿ ಫ್ರೆಂಚರೂ ಇದ್ದರು. ಕೆಲವೇ ಗಂಟೆಗಳಲ್ಲಿ ಆಟ ತಿರುಗಿತು. ಸುಮಾರೆ ಸೆರೆಯಾದರು. ಕೇಟಾ ತಮ್ಮ ನಿವಾಸದಲ್ಲೇ ಬಂದಿಯಾದರು. ಸೆನೆಗಲ್ ಶಾಸನಸಭೆ ನಡುರಾತ್ರಿ ಕೂತು ಒಕ್ಕೂಟದಿಂದ ಹೊರಬಂದು ಸ್ವತಂತ್ರ ದೇಶ ಎಂದು ಸಾರಿತು.

ಒಕ್ಕೂಟದ ಒಪ್ಪಂದದ ಪ್ರಕಾರ ನೆರವಿಗೆ ಬನ್ನಿ ಎಂದು ಕೇಟಾ ಫ್ರೆಂಚ್ ಸೈನ್ಯವನ್ನು ಕೇಳಿದರು. ಫ್ರೆಂಚರು ಕದಲಲಿಲ್ಲ.

ರಕ್ತ ಹರಿಯಲಿಲ್ಲ ಎಂಬುದು ಇದರಲ್ಲಿ ಸಮಾಧಾನದ ವಿಷಯ. ಕೇಟಾ ಮತ್ತು ಅವರ ಜೊತೆಗಾರರನ್ನು ರೈಲು ಹತ್ತಿಸಿ ಕಾವಲಿನಲ್ಲಿ ಬಮಾಕೊಗೆ ಕಳಿಸಲಾಯಿತು. ಒಂದು ದೇಶದ ಸರ್ಕಾರದ ಮುಖ್ಯಸ್ಥ ಆ ದೇಶದ್ದೇ ರಾಜಧಾನಿಯಿಂದ ರೈಲಿನಲ್ಲಿ ಹೊರದಬ್ಬಿಸಿಕೊಂಡ. ಆ ಅವಮಾನ ಕೇಟಾ ಅವರಿಗೆ ಆರಲಿಲ್ಲ. ಸೆಪ್ಟೆಂಬರ್ 22ರಂದು ಅವರು ಸುಡಾನ್‌ಗೆ ಮಾಲಿ ಗಣರಾಜ್ಯ ಎಂಬ ಹೆಸರಿಟ್ಟರು. ಒಕ್ಕೂಟ ಹೋಯಿತು, ಅದರ ಹೆಸರನ್ನು ಉಳಿಸಿಕೊಂಡರು. ಸೆಪ್ಟೆಂಬರ್ 28ರಂದು ಸೆನೆಗಲ್ ಮತ್ತು ಮಾಲಿ ಒಂದೇ ದಿನ, ಬೇರೆಬೇರೆಯಾಗಿ ವಿಶ್ವಸಂಸ್ಥೆ ಸೇರಿದವು.

ಆ ರೈಲಿನ ಬಗ್ಗೆ ಇನ್ನಷ್ಟು ಹೇಳಬೇಕು. ಡಾಕರ್‌ನಿಂದ ಬಮಾಕೊಗೆ 1,200 ಕಿಲೋಮೀಟರ್‌ಗೂ ಉದ್ದದ ಹಳಿ. ಫ್ರೆಂಚರು ಅದನ್ನು ಹಾಕಿದ್ದು ಒಳನಾಡಿನ ಸರಕು ಸಾಗಿಸಿಕೊಳ್ಳಲು. ಆದರೆ ದಶಕಗಳು ಕಳೆದಂತೆ ಅದು ಜನರ ಹಳಿಯಾಯಿತು. ಸೆನೆಗಲ್‌ನ ಥಿಯೆಸ್ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಸುಡಾನ್ ಕಡೆಯ ಬಂಬಾರ ಮಾತಾಡುವವರೂ ಸೆನೆಗಲ್ ಕಡೆಯ ವೊಲೊಫ್ ಮಾತಾಡುವವರೂ ಒಟ್ಟಿಗೆ ದುಡಿದರು. 1947ರ ಅಕ್ಟೋಬರ್‌ನಿಂದ 1948ರ ಮಾರ್ಚ್‌ವರೆಗೆ ಐದು ತಿಂಗಳು ಈ ಹಳಿಯ ಕಾರ್ಮಿಕರು ಮುಷ್ಕರ ಮಾಡಿದರು. ಫ್ರೆಂಚ್ ಕೆಲಸಗಾರರಿಗೆ ಸಿಗುವ ಹಕ್ಕು ನಮಗೂ ಬೇಕು ಎಂದು ಕೇಳಿದರು. ಕುಟುಂಬಗಳು ಹಸಿದವು, ಆದರೆ ಡಾಕರ್‌ನಿಂದ ಬಮಾಕೊವರೆಗೆ ಒಗ್ಗಟ್ಟು ಮುರಿಯಲಿಲ್ಲ. ನನ್ನನ್ನು ಕೇಳಿದರೆ, ನಾಯಕರು ಸಂವಿಧಾನ ಬರೆಯುವ ಹತ್ತು ವರ್ಷ ಮೊದಲೇ ಈ ಜನ ಒಕ್ಕೂಟವನ್ನು ಬದುಕಿ ತೋರಿಸಿದ್ದರು.

1960ರಲ್ಲಿ ಕೇಟಾ ಗಡಿ ಮುಚ್ಚಿದರು. ರೈಲು ನಿಂತಿತು. ಮೂರು ವರ್ಷ ಡಾಕರ್ ಮತ್ತು ಬಮಾಕೊ ನಡುವೆ ರೈಲು ಓಡಲಿಲ್ಲ. 1963ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಆ ಮೂರು ವರ್ಷ ಮಾಲಿಯ ಸರಕು ಕೆಟ್ಟ ರಸ್ತೆಗಳಲ್ಲಿ ಸುತ್ತಿಕೊಂಡು ಅಬಿಜಾನ್‌ಗೆ ಹೋಗಬೇಕಾಯಿತು. ಡಾಕರ್ ಬಂದರು ತನ್ನ ದೊಡ್ಡ ಗಿರಾಕಿಯನ್ನು ಕಳೆದುಕೊಂಡಿತು. ಹಳಿಯ ಎರಡೂ ತುದಿಯಲ್ಲಿ ನೆಂಟಸ್ತನ ಇದ್ದ ಕುಟುಂಬಗಳಿಗೆ ಆಚೆ ಕಡೆಯ ಊರು ಒಮ್ಮೆಲೆ ಪರದೇಶವಾಯಿತು. ಒಕ್ಕೂಟದ ಸಾವಿನ ಬಗ್ಗೆ ಬರೆಯುವಾಗ ನಾಯಕರ ಹೆಸರೇ ತುಂಬಿಕೊಳ್ಳುತ್ತದೆ. ಬೆಲೆ ತೆತ್ತವರು ಈ ಹಳಿಯ ಜನ.

ಹಾಗಾದರೆ ಒಡೆದದ್ದು ಯಾರು? ಫ್ರಾನ್ಸ್ ಒಡೆಯಿತು ಎಂಬ ಮಾತು ಮಾಲಿಯಲ್ಲಿ ಬಹಳ ಕೇಳಿಬರುತ್ತದೆ. ಅದಕ್ಕೆ ಆಧಾರ ಇಲ್ಲದಿಲ್ಲ. ಅಪ್ಪರ್ ವೋಲ್ಟಾ, ದಹೋಮಿ ಹಿಂದೆ ಸರಿದದ್ದರಲ್ಲಿ ಫ್ರಾನ್ಸ್ ಕೈ ಇತ್ತು. ಆ ರಾತ್ರಿ ಅದು ಕದಲದೆ ನಿಂತದ್ದು ಸೆನೆಗಲ್‌ಗೆ ಅನುಕೂಲವಾಯಿತು. ಆದರೆ ಜಗಳ ಹುಟ್ಟಿದ್ದು ಒಳಗೆ. ಇನ್ನು ಕೆಲವರು ಇದು ಸಿದ್ಧಾಂತದ ಜಗಳ, ಕೇಟಾ ಎಡಪಂಥೀಯ, ಸೆನೆಗಲ್‌ನವರು ಮೆದು ಧೋರಣೆಯವರು ಎನ್ನುತ್ತಾರೆ. ಇದೂ ಪೂರ್ತಿ ಸರಿಯಲ್ಲ. ಆ ರಾತ್ರಿ ಕೇಟಾ ಎದುರು ನಿಂತ ದಿಯಾ ಕೂಡ ಸಮಾಜವಾದಿಯೇ. ರೈತರ ಸಹಕಾರ ಸಂಘ, ಯೋಜಿತ ಆರ್ಥಿಕತೆ ಎಂದು ನಂಬಿದವರು. ಹಣಕಾಸಿನ ವಿಷಯದಲ್ಲಿ ಸೆಂಘೋರ್‌ಗಿಂತ ಕೇಟಾ ಅವರಿಗೇ ಹತ್ತಿರವಿದ್ದರು.

ದಿಯಾ ಅವರಿಗೆ ಮುಂದೆ ಏನಾಯಿತು ಎಂದು ನೋಡಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಕ್ಕೂಟ ಒಡೆದ ಮೇಲೆ ಸೆನೆಗಲ್‌ನಲ್ಲಿ ಸೆಂಘೋರ್ ಅಧ್ಯಕ್ಷರಾದರು, ದಿಯಾ ಸರ್ಕಾರದ ಮುಖ್ಯಸ್ಥರಾದರು. ಮತ್ತೆ ಎರಡು ತಲೆಯ ಸರ್ಕಾರ. ಎರಡು ವರ್ಷ ಕಳೆಯಿತು. 1962ರ ಡಿಸೆಂಬರ್‌ನಲ್ಲಿ ಶಾಸನಸಭೆ ದಿಯಾ ವಿರುದ್ಧ ಅವಿಶ್ವಾಸಕ್ಕೆ ಹೊರಟಿತು. ದಿಯಾ ಜೆಂಡಾರ್ಮರಿ ಕಳಿಸಿ ಸಭೆಯ ಕಟ್ಟಡ ತೆರವು ಮಾಡಿಸಿದರು. ಸೇನೆ ಸೆಂಘೋರ್ ಕಡೆ ನಿಂತಿತು. ದಿಯಾ ಬಂಧಿತರಾದರು. ದೇಶದ ಪೂರ್ವದ ತುದಿಯ ಕೆದುಗು ಊರಿನಲ್ಲಿ 1974ರವರೆಗೆ ಸೆರೆಯಲ್ಲಿದ್ದರು. ಹದಿನೇಳು ವರ್ಷದ ಗೆಳೆತನ ಅಲ್ಲಿಗೆ ಮುಗಿಯಿತು. ಇಲ್ಲಿ ಎರಡು ನಾಡಿನ ಪ್ರಶ್ನೆ ಇರಲಿಲ್ಲ. ಫ್ರಾನ್ಸ್‌ಗೆ ಒಡೆಯಲು ಒಕ್ಕೂಟವೇ ಇರಲಿಲ್ಲ. ಆದರೂ 1960ರ ಆಗಸ್ಟ್ ರಾತ್ರಿಯೇ ಮರಳಿ ಬಂದಂತಾಯಿತು. ಇಬ್ಬರಿಗೂ ಸಮ ಅಧಿಕಾರ, ಇಬ್ಬರ ಮಾತು ಬೇರೆಯಾದಾಗ ಯಾರ ಮಾತು ನಿಲ್ಲಬೇಕು ಎಂದು ಬರೆದಿಲ್ಲ, ಕೊನೆಗೆ ಬಂದೂಕಿದ್ದವರು ತೀರ್ಮಾನಿಸಿದರು.

ಕೇಟಾ ಅವರ ಕೊನೆಯೂ ಸಂಕಟದ್ದೇ. 1968ರ ನವೆಂಬರ್‌ನಲ್ಲಿ ಸೇನೆ ಅವರನ್ನು ಇಳಿಸಿತು. 1977ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಮೂವರಲ್ಲಿ ಸೆಂಘೋರ್ ಒಬ್ಬರೇ ತಾವಾಗಿಯೇ, 1980ರ ಕೊನೆಯ ದಿನ, ಕುರ್ಚಿ ಬಿಟ್ಟು ಇಳಿದರು.

ಈ ಕಾಲದಲ್ಲಿ ಬೇರೆ ಒಕ್ಕೂಟಗಳೂ ಒಡೆದವು. ನಮಗೆ ಕ್ರಿಕೆಟ್‌ನಿಂದ ಗೊತ್ತಿರುವ ವೆಸ್ಟ್ ಇಂಡೀಸ್ 1958ರಿಂದ 1962ರವರೆಗೆ ನಿಜವಾಗಿಯೂ ಒಂದು ಒಕ್ಕೂಟವಾಗಿತ್ತು. ಜಮೈಕಾ ಜನಮತದಲ್ಲಿ ಹೊರಬಂದ ಮೇಲೆ ಮುಳುಗಿತು. ಉಳಿದದ್ದು ತಂಡ ಮಾತ್ರ. ಸಿಂಗಾಪುರ ಮಲೇಷ್ಯಾದೊಳಗೆ ಎರಡು ವರ್ಷವೂ ಉಳಿಯಲಿಲ್ಲ. ಎರಡೇ ನಾಡು ಸೇರಿ ಉಳಿದುಕೊಂಡ ಉದಾಹರಣೆ ಎಂದರೆ ತಾಂಜಾನಿಯಾ. 1964ರಲ್ಲಿ ತಂಗಾನಿಕಾ ಮತ್ತು ಜಾಂಜಿಬಾರ್ ಸೇರಿದ್ದು. ಅಲ್ಲಿ ಜಾಂಜಿಬಾರ್‌ಗೆ ಮಾತ್ರ ಪ್ರತ್ಯೇಕ ಸರ್ಕಾರ ಇದೆ. ತಂಗಾನಿಕಾಕ್ಕೆ ಬೇರೆ ಸರ್ಕಾರವಿಲ್ಲ, ಕೇಂದ್ರವೇ ಅದರ ಸರ್ಕಾರ. ಜಾಂಜಿಬಾರ್‌ನಲ್ಲಿ ಇದರ ಬಗ್ಗೆ ಅಸಮಾಧಾನ ಇದ್ದೇ ಇದೆ. ಆದರೆ ಕೊನೆಯ ಮಾತು ಯಾರದು ಎಂಬ ಗೊಂದಲ ಇಲ್ಲ.

ಈಗ ಸಾಹೆಲ್‌ಗೆ ಬರೋಣ. ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಎರಡು ಸಲ, ನೈಜರ್‌ನಲ್ಲಿ 2023ರ ಜುಲೈನಲ್ಲಿ ಸೇನೆ ಅಧಿಕಾರ ಹಿಡಿಯಿತು. ಪಶ್ಚಿಮ ಆಫ್ರಿಕಾ ದೇಶಗಳ ಸಂಘಟನೆ ಇಕೋವಾಸ್ ದಿಗ್ಬಂಧನ ಹಾಕಿತು. ನೈಜರ್ ಮೇಲೆ ಸೇನೆ ನುಗ್ಗಿಸುವುದಾಗಿಯೂ ಹೇಳಿತು. ಆಗ ಮೂರೂ ದೇಶ ಕೈ ಜೋಡಿಸಿದವು. 2023ರ ಸೆಪ್ಟೆಂಬರ್ 16ರಂದು ರಕ್ಷಣಾ ಒಪ್ಪಂದ. ಒಬ್ಬರ ಮೇಲೆ ದಾಳಿಯಾದರೆ ಮೂವರ ಮೇಲೂ ಆದಂತೆ. 2024ರ ಜುಲೈ 6ರಂದು ನೈಜರ್ ರಾಜಧಾನಿ ನಿಯಾಮೆಯಲ್ಲಿ ಒಕ್ಕೂಟದ ಒಪ್ಪಂದ. 2025ರ ಜನವರಿ 29ರಂದು ಇಕೋವಾಸ್‌ನಿಂದ ಅಧಿಕೃತವಾಗಿ ಹೊರಗೆ. ಅದೇ ದಿನ ಹೊಸ ಪಾಸ್‌ಪೋರ್ಟ್. 5,000 ಸೈನಿಕರ ಜಂಟಿ ಪಡೆಯ ಘೋಷಣೆಯೂ ಆಯಿತು.

ಒಗ್ಗಟ್ಟು ಬರೀ ಕಾಗದದ್ದಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಜೀರಿಯಾ ಮಾಲಿಯ ಡ್ರೋನ್ ಒಂದನ್ನು ಹೊಡೆದುರುಳಿಸಿದಾಗ ಮೂರೂ ದೇಶ ಒಟ್ಟಿಗೆ ತಮ್ಮ ರಾಯಭಾರಿಗಳನ್ನು ವಾಪಸ್ ಕರೆಸಿಕೊಂಡವು. ಬುರ್ಕಿನಾ, ನೈಜರ್‌ಗೆ ಅದರಲ್ಲಿ ನೇರ ಲಾಭವೇನೂ ಇರಲಿಲ್ಲ. ಒಕ್ಕೂಟ ಗಟ್ಟಿ ಇದೆ ಎನ್ನಲು ಇದು ಒಳ್ಳೆಯ ಸಾಕ್ಷಿ.

ಆದರೂ 1960ರ ಕತೆ ಓದಿದವರಿಗೆ ಒಂದೆರಡು ಕಡೆ ಮನಸ್ಸು ನಿಲ್ಲುತ್ತದೆ. ಮೂರು ದೇಶಗಳನ್ನು ಹತ್ತಿರ ತಂದದ್ದು ಎದುರಾಳಿ. ಫ್ರಾನ್ಸ್, ಇಕೋವಾಸ್, ಹೊರಗಿನ ಒತ್ತಡ. ಮೂರೂ ಕಡೆ ಅಧಿಕಾರದಲ್ಲಿರುವವರು ಸೇನಾಧಿಕಾರಿಗಳು. ಅಸಿಮಿ ಗೊಯ್ಟಾ, ಇಬ್ರಾಹಿಂ ಟ್ರಾವೊರೆ, ಅಬ್ದುರಹಮಾನೆ ತಿಯಾನಿ. ಅವರ ನಡುವೆ ಇಂದು ಹೊಂದಾಣಿಕೆ ಇದೆ. ಇದು ಸದ್ಯಕ್ಕೆ ಸಡಿಲ ಒಕ್ಕೂಟ, ಪ್ರತಿ ದೇಶದ ಸಾರ್ವಭೌಮತೆ ಹಾಗೇ ಇದೆ. ಅಧ್ಯಕ್ಷತೆ ಸರದಿಯಲ್ಲಿ ಹೋಗುತ್ತದೆ. ಈ ಎಚ್ಚರ ಒಳ್ಳೆಯದು, ಕೇಟಾ ಮಾಡಿದ ಅವಸರ ಇಲ್ಲಿಲ್ಲ. ಆದರೆ ಮುಂದಿನ ಗುರಿ ಇನ್ನೂ ಬಿಗಿಯಾದ ಒಕ್ಕೂಟ ಎಂದು ನಾಯಕರೇ ಹೇಳುತ್ತಿದ್ದಾರೆ. ಹಾಗೆ ಬಿಗಿಯಾಗುವಾಗ ಜಂಟಿ ಪಡೆ ಯಾರ ಆಜ್ಞೆ ಪಾಲಿಸಬೇಕು? ಮೂರರಲ್ಲಿ ಒಂದು ದೇಶದಲ್ಲಿ ಮತ್ತೆ ಸೇನೆ ಸರ್ಕಾರ ಬದಲಿಸಿದರೆ ಉಳಿದಿಬ್ಬರು ಯಾರ ಪರ? ಒಂದು ಕಡೆ ಚುನಾವಣೆ ನಡೆದು ಬೇರೆ ಮನಸ್ಸಿನವರು ಬಂದರೆ? ಈ ಪ್ರಶ್ನೆಗಳನ್ನು ಕೇಳಬೇಕಾದವರು ಆ ನಾಡುಗಳ ಜನ, ಪಕ್ಷಗಳು, ಪತ್ರಿಕೆಗಳು. ಮಾಲಿಯಲ್ಲಿ 2025ರ ಮೇ ತಿಂಗಳಲ್ಲಿ ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಲಾಯಿತು. ನನ್ನ ದೊಡ್ಡ ಚಿಂತೆ ಇದೇ. 1959ರ ಒಕ್ಕೂಟದಲ್ಲಿ ಕನಿಷ್ಠ ಶಾಸನಸಭೆ ಇತ್ತು, ಚುನಾಯಿತರು ಇದ್ದರು, ಜೋರು ವಾದ ನಡೆಯುತ್ತಿತ್ತು. ಅಷ್ಟಿದ್ದೂ ಮುಖ್ಯ ಪ್ರಶ್ನೆ ತಪ್ಪಿಹೋಯಿತು.

ಹಣದ ವಿಷಯವೂ ಇದೆ. ಮೂರೂ ದೇಶ ಇಂದಿಗೂ ಫ್ರೆಂಚ್ ಕಾಲದ ಸಿಎಫ್‌ಎ ಫ್ರಾಂಕ್ ಬಳಸುತ್ತಿವೆ. ಸೆನೆಗಲ್, ಐವರಿ ಕೋಸ್ಟ್ ಇರುವ ನಾಣ್ಯ ಒಕ್ಕೂಟದಲ್ಲೇ ಇವೆ. ಕೇಟಾ 1962ರಲ್ಲಿ ಸ್ವಂತ ನಾಣ್ಯ ತಂದು ಬಹಳ ಕಷ್ಟಪಟ್ಟರು. 1984ರಲ್ಲಿ ಮಾಲಿ ಹಳೆಯ ನಾಣ್ಯಕ್ಕೇ ಮರಳಿತು. ಈಗಿನವರು ಇದರಲ್ಲಿ ಅವಸರ ಮಾಡದಿರುವುದಕ್ಕೆ ಆ ನೆನಪೂ ಒಂದು ಕಾರಣ ಇರಬಹುದು.

ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಸಮುದ್ರದ್ದು. 1960ರ ಒಕ್ಕೂಟದಲ್ಲಿ ಒಬ್ಬರ ಹತ್ತಿರ ಬಂದರು ಇತ್ತು, ಇನ್ನೊಬ್ಬರ ಹತ್ತಿರ ಒಳನಾಡು ಇತ್ತು. ಒಬ್ಬರಿಗೊಬ್ಬರು ಬೇಕಿತ್ತು. ಇಂದಿನ ಮೂರೂ ದೇಶಗಳಿಗೆ ಸಮುದ್ರವೇ ಇಲ್ಲ. 2022ರ ಜನವರಿಯಲ್ಲಿ ಇಕೋವಾಸ್ ದಿಗ್ಬಂಧನ ಹಾಕಿದಾಗ ಸೆನೆಗಲ್ ಮಾಲಿ ಗಡಿಯನ್ನು ಸುಮಾರು ಆರು ತಿಂಗಳು ಮುಚ್ಚಿತು. ನೈಜರ್ 2023ರಿಂದ ಬೆನಿನ್ ಜೊತೆ ಮುನಿಸಿಕೊಂಡಿದೆ. ಅದರ ಕಚ್ಚಾತೈಲದ ಪೈಪು ಸಮುದ್ರ ಸೇರುವುದು ಬೆನಿನ್ ಮೂಲಕವೇ. ಮೊರಾಕೊ ತನ್ನ ಅಟ್ಲಾಂಟಿಕ್ ಬಂದರು ಬಳಸಿಕೊಳ್ಳಿ ಎಂದು ಕರೆದಿದೆ. ನಕ್ಷೆ ಬಿಡಿಸಿ ನೋಡಿದರೆ ಆ ದಾರಿ ಎಷ್ಟು ದೂರ ಎಂದು ಗೊತ್ತಾಗುತ್ತದೆ.

ಡಾಕರ್‌ನಿಂದ ಬಮಾಕೊಗೆ ಹೋಗುತ್ತಿದ್ದ ನೇರ ರೈಲು ನಿಂತು ಹಲವು ವರ್ಷವಾಯಿತು. ಈಗ ಎಲ್ಲವೂ ಲಾರಿಯಲ್ಲೇ ಹೋಗಬೇಕು. ಸೆನೆಗಲ್‌ನಲ್ಲಿ 2024ರ ಮಾರ್ಚ್‌ನಲ್ಲಿ ಗೆದ್ದು ಬಂದ ಬಸ್ಸಿರು ಜುಮಾಯೆ ಫಾಯೆ ಸಾಹೆಲ್ ದೇಶಗಳ ಜೊತೆ ಮಾತುಕತೆ ಬಯಸುವವರು. ಬಮಾಕೊಗೂ ಹೋಗಿ ಬಂದರು. ಆದರೆ ಸೆನೆಗಲ್ ಇಕೋವಾಸ್‌ನಲ್ಲೇ ಇದೆ, ಸಾಹೆಲ್ ಒಕ್ಕೂಟದಲ್ಲಿ ಇಲ್ಲ. ಮಾಲಿಗೆ ಒಕ್ಕೂಟದ ಹೊಸ ಸಂಗಾತಿಗಳು ಪೂರ್ವಕ್ಕಿದ್ದಾರೆ, ಅದರ ಪೆಟ್ರೋಲ್ ಬರುವುದು ಪಶ್ಚಿಮ ಮತ್ತು ದಕ್ಷಿಣದಿಂದ. 2025ರ ನವೆಂಬರ್ ಎರಡನೇ ವಾರದಲ್ಲಿ ಬಮಾಕೊದ ಮಕ್ಕಳು ಮತ್ತೆ ಶಾಲೆಗೆ ಹೋದರು. ಟ್ಯಾಂಕರ್‌ಗಳು ಸೇನೆಯ ಕಾವಲಿನಲ್ಲಿ, ಸಾಲುಸಾಲಾಗಿ, ನಗರಕ್ಕೆ ಬರುತ್ತಿದ್ದವು.